ಕೊನೆಯ ಪ್ಯಾರಾ ಸುಳ್ಳಾದ ದಿನ

ನಾನು ನನ್ನ ಮಗಳಿಗೆ ಕೊನೆಯ ಬಾರಿ ಹೊಡೆದದ್ದು ಅವಳಿಗೆ ಇಪ್ಪತ್ತೆರಡು ತುಂಬಿದ ಮೇಲೆ, ಕಳೆದ ನವೆಂಬರಿನ ಒಂದು ಶುಕ್ರವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬಂದ ಅರ್ಧ ಗಂಟೆಯೊಳಗೆ. ಅದೇ ದಿನ ಅವಳು ನನಗೆ ಮೊದಲ ಬಾರಿ ಹೊಡೆದಳು. ಮರುದಿನ ಬೆಳಿಗ್ಗೆ ಎಂಟರೊಳಗೆ ಅವಳು ಅಮೆರಿಕದ ಒಂದು ಕಾನೂನು ಕಾಲೇಜಿಗೆ ಅರ್ಜಿ ಕಳಿಸಬೇಕಿತ್ತು. ಕಳಿಸುವುದೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ನಡೆದಿತ್ತು. ಅದು ಹೇಗೆ ತೀರ್ಮಾನವಾಯಿತು ಎನ್ನುವುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಬೆಳೆದದ್ದು ಉಡುಪಿ ಕಡೆಯ ಒಂದು ಬೋರ್ಡಿಂಗಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಪ್ರಾರ್ಥನೆ, ಆರಕ್ಕೆ ಓದು. ಎರಡನೆಯ ಗಂಟೆ ಹೊಡೆಯುವಾಗಲೂ ಚಾಪೆಯ ಮೇಲೆ ಇದ್ದವನಿಗೆ ಬೆತ್ತ. ಏಳನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತು ನಕ್ಕೆನೆಂದು ವಾರ್ಡನ್ ನನ್ನ ಎಡಗೆನ್ನೆಗೆ ಬಾರಿಸಿದರು. ಕಿವಿಯೊಳಗೆ ಬಟ್ಟೆ ಹರಿದಂಥ ಸದ್ದು. ಸಂಜೆ ದಿಂಬಿನ ಮೇಲೆ ರಕ್ತದ ಕಲೆ. ಆ ಕಿವಿ ಈಗಲೂ ಅರ್ಧವೇ ಕೇಳುತ್ತದೆ. ರಜೆಗೆ ಮನೆಗೆ ಹೋದಾಗ ಅಪ್ಪನಿಗೆ ಹೇಳಿದೆ. "ನಕ್ಕದ್ದು ಹೌದಾ?" ಎಂದು ಕೇಳಿದರು. ಹೌದು ಎಂದೆ. ಅವರೂ ಎರಡು ಕೊಟ್ಟರು. ಇದನ್ನು ಅನ್ಯಾಯವೆಂದು ನಾನು ಆಗ ತಿಳಿಯಲಿಲ್ಲ. ಆಮೇಲೆ ಬಹಳ ವರ್ಷ ತಿಳಿಯಲಿಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಕಾಗದ ಕಳೆಯದಿರುವುದು, ಮಾತಿಗೆ ತಪ್ಪದಿರುವುದು, ನನ್ನಲ್ಲಿ ಒಳ್ಳೆಯದೆಂದು ಜನ ಹೇಳುವುದೆಲ್ಲ ಆ ಬೆತ್ತದಿಂದ ಬಂದದ್ದು ಎಂದೇ ನಂಬಿದ್ದೆ.

ಕತಾರಿನ ದೋಹಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ವೆಸ್ಟ್ ಬೇಯಲ್ಲಿ ಒಂದು ಕಟ್ಟಡ ಕಂಪೆನಿಯ ಕಾಗದಪತ್ರಗಳ ವಿಭಾಗ ನನ್ನದು. ಒಳಗೆ ಬಂದ ಪ್ರತಿ ನಕ್ಷೆಗೂ ವರದಿಗೂ ನಂಬರು ಹಾಕಿ ಎಂಜಿನಿಯರುಗಳಿಗೆ ಕಳಿಸುತ್ತೇನೆ. ಅವರು ಓದಿ, ಮೂಲೆಯಲ್ಲಿ ಒಂದು ಅಕ್ಷರ ಬರೆದು ಹಿಂದಕ್ಕೆ ಕೊಡುತ್ತಾರೆ. ಎ ಎಂದರೆ ಒಪ್ಪಿಗೆ. ಬಿ ಎಂದರೆ ತಿದ್ದುಪಡಿಗಳೊಂದಿಗೆ ಒಪ್ಪಿಗೆ. ಸಿ ಎಂದರೆ ತಿದ್ದಿ ಮತ್ತೆ ತರಬೇಕು. ಡಿ ಎಂದರೆ ತಿರಸ್ಕಾರ. ಈ ಅಭ್ಯಾಸ ಮನೆಗೂ ಬಂದಿತ್ತು. ಅಲ್ ಹಿಲಾಲಿನ ನಮ್ಮ ಫ್ಲ್ಯಾಟಿನಿಂದ ಹೊರಗೆ ಹೋಗುವ ಪ್ರತಿ ಕಾಗದವನ್ನೂ, ಶಾಲೆಯ ರಜಾಚೀಟಿಯಿಂದ ಹಿಡಿದು ವೀಸಾ ಫಾರಮಿನವರೆಗೆ, ನಾನು ಓದಿ ಅಕ್ಷರ ಹಾಕಿದ ಮೇಲೆಯೇ ಕಳಿಸುವುದು. ನನ್ನ ಹೆಂಡತಿ ಹಾಸನದ ಕಡೆಯವಳು, ಅವಳಿಗೆ ನನ್ನ ಮನೆಮಾತು ಕೊಂಕಣಿ ಬಾರದು. ಹಾಗಾಗಿ ಮನೆಯಲ್ಲಿ ಕನ್ನಡ. ಒಬ್ಬಳೇ ಮಗಳು. ಇಲ್ಲೇ ಹುಟ್ಟಿ, ಇಲ್ಲಿಯ ಒಂದು ಅಮೆರಿಕನ್ ವಿಶ್ವವಿದ್ಯಾಲಯದ ಶಾಖೆಯಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದಳು.

ಅವಳಿಗೆ ನಾನು ಆರನೆಯ ವಯಸ್ಸಿನಿಂದ ಹದಿನಾರರವರೆಗೆ ಸ್ಟೀಲಿನ ಸ್ಕೇಲಿನಿಂದ ಹೊಡೆದಿದ್ದೇನೆ. ಕೋಪದಿಂದಲ್ಲ, ನಿಯಮದಿಂದ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊಡೆಯುವ ಮೊದಲು ಕಾರಣ ಹೇಳುತ್ತಿದ್ದೆ. ಎಷ್ಟು ಏಟು ಎಂದು ಹೇಳುತ್ತಿದ್ದೆ. ಎಣಿಕೆಯನ್ನು ಅವಳ ಬಾಯಿಂದಲೇ ಹೇಳಿಸುತ್ತಿದ್ದೆ; ತಪ್ಪಿದರೆ ಮತ್ತೆ ಒಂದರಿಂದ. ಹೊಡೆತಕ್ಕೆ ಅಂಗೈ ಹಿಂದೆ ತೆಗೆದರೆ ಅದಕ್ಕೆ ಬೇರೆ ಎರಡು. ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಮಗಳು ನನ್ನ ಎತ್ತರಕ್ಕೆ ಬಂದ ಮೇಲೆ ಸ್ಕೇಲು ನಿಂತಿತು. ಆಮೇಲೆ ಬಾಯಿ, ಮತ್ತೆ ಒಮ್ಮೊಮ್ಮೆ ಕೈ. ಒಂದು ಸಲ ಊಟದ ತಟ್ಟೆ.

ಸೆಪ್ಟೆಂಬರಿನಲ್ಲಿ ಅವಳು 'ಅರ್ಲಿ ಡಿಸಿಷನ್' ಎಂಬ ಮಾತು ತೆಗೆದಳು. ಅದರ ರೀತಿ ಹೀಗೆ: ಎಲ್ಲರೂ ಅರ್ಜಿ ಹಾಕುವ ಕಾಲಕ್ಕಿಂತ ಮೊದಲೇ ಒಂದು ಕಾಲೇಜಿಗೆ, ಒಂದೇ ಕಾಲೇಜಿಗೆ, ಈ ಬಗೆಯ ಅರ್ಜಿ ಹಾಕುವುದು. ಅವರು ಹೂಂ ಎಂದರೆ ಹೋಗಲೇಬೇಕು. ಬೇರೆ ಕಡೆ ಹಾಕಿದ್ದ ಅರ್ಜಿಗಳನ್ನೆಲ್ಲ ಹಿಂದೆಗೆದುಕೊಳ್ಳಬೇಕು. ಹಾಗೆಂದು ಮೊದಲೇ ಸಹಿ ಹಾಕಿ ಕೊಡಬೇಕು. ನನಗೆ ಅದು ಇಷ್ಟವಾಯಿತು. ಒಂದು ಮಾತು, ಒಂದು ಸಹಿ, ಖಲಾಸ್. ಕಾನೂನು ಓದುವುದಕ್ಕೂ ನನ್ನ ವಿರೋಧವಿರಲಿಲ್ಲ. ಒಪ್ಪದವಳು ಹೆಂಡತಿ.

ಒಂದು ಸಂಜೆ ಅವರಿಬ್ಬರೂ ಅಡುಗೆಮನೆಯಲ್ಲಿ ಮಾತಾಡುತ್ತಿದ್ದರು. ನಾನು ಹಾಲ್‌ನಲ್ಲಿ ಸರಿಯಾದ ಕಿವಿ ಆ ಕಡೆಗಿಟ್ಟು ಕೂತಿದ್ದೆ.

"ಮದುವೆಗೆ ಮುಂಚೆ ಎರಡು ಗಂಡಾದ್ರೂ ನೋಡ್ತಾರೆ ಕಣೇ. ನೀನು ಒಂದೇ ಕಾಲೇಜು ನೋಡಿ ತಾಳಿ ಕಟ್ಟಿಸ್ಕೋತೀನಿ ಅಂತೀಯಲ್ಲ!"

"ಮಮ್ಮಿ, ನೀವು ಎಷ್ಟು ಗಂಡು ನೋಡಿದ್ರಿ?"

"ಅದಕ್ಕೇ ಹೇಳ್ತಿರೋದು."

ಇಬ್ಬರೂ ನಕ್ಕರು. ಆಮೇಲೆ ಮಗಳ ದನಿ ತಗ್ಗಿತು. "ಸಿಕ್ಕಿದ್ರೆ ಹೋಗ್ಲೇಬೇಕು ಅನ್ನೋ ರೂಲ್ ಇದೆಯಲ್ಲ, ನನಗೆ ಬೇಕಾಗಿರೋದೇ ಅದು. ಇಲ್ಲಾಂದ್ರೆ ಲಾಸ್ಟ್ ಮಿನಿಟಲ್ಲಿ ಡ್ಯಾಡಿ ಒಂದ್ಸಲ ಕೂಗ್ತಾರೆ, ನಾನು ಉಳ್ಕೋತೀನಿ. ನನಗೆ ಗೊತ್ತು. ಬೇರೆ ಯಾರಾದ್ರೂ ನನ್ನನ್ನ ಕಟ್ಟಿ ಎಳ್ಕೊಂಡು ಹೋಗ್ಬೇಕು."

ನಾನು ಎದ್ದು ಟಿವಿಯ ದನಿ ಏರಿಸಿದೆ. ಆ ಮಾತು ನನ್ನನ್ನು ಕುರಿತದ್ದು ಎಂದು ತಿಳಿಯಲಿಲ್ಲವೆಂದಲ್ಲ. ಹೆದರಿಕೆ ಇರುವುದು ಒಳ್ಳೆಯದೇ ಎನ್ನಿಸಿತು, ಅಷ್ಟೆ.

ಅರ್ಜಿಯ ಜೊತೆಗೆ ತನ್ನ ಬಗ್ಗೆ ಎರಡು ಪುಟ ಬರೆದು ಕಳಿಸಬೇಕು. ಆ ಶುಕ್ರವಾರದ ಹಿಂದಿನ ದಿನ, ಗುರುವಾರ ಸಂಜೆ, ನಾನು ಆಫೀಸಿನಿಂದ ಬಂದಾಗ ಅವು ಊಟದ ಮೇಜಿನ ಮೇಲೆ ನನ್ನ ಕುರ್ಚಿಯ ಎದುರಿಗೆ ಇದ್ದವು. ಎಲ್ಲ ಕಾಗದಗಳ ಹಾಗೆ ಅವನ್ನೂ ಅವಳು ನನ್ನ ಒಪ್ಪಿಗೆಗೆ ಇಟ್ಟಿದ್ದಳು. ಕೆಂಪು ಪೆನ್ನು ತೆಗೆದುಕೊಂಡು ಕೂತೆ.

ಅವಳು ಹನ್ನೊಂದನೆಯ ವಯಸ್ಸಿನ ಒಂದು ದಿನದ ಬಗ್ಗೆ ಬರೆದಿದ್ದಳು. ಕೆಳಗಿನ ಫ್ಲ್ಯಾಟಿನ ಗೆಳತಿಯ ಮನೆಯಿಂದ ಆರು ಗಂಟೆಗೆ ಬರಬೇಕಿತ್ತು. ನನ್ನ ವಾಚಿನಲ್ಲಿ ಆರು ದಾಟಿತ್ತು. ನಾನು ಸ್ಕೇಲು ತಂದೆ. ಅವಳು ಹೇಳಿದಳಂತೆ: ಡ್ಯಾಡಿ, ನಿಮ್ಮ ವಾಚು ನೀವೇ ಐದು ನಿಮಿಷ ಮುಂದೆ ಇಟ್ಟಿದ್ದೀರಿ, ನಿಜವಾದ ಟೈಮಿಗೆ ನಾನು ತಡವಾಗಿಲ್ಲ. ಅದು ಅವಳ ಮೊದಲ ವಾದ. ವಾದ ಮಾಡಿದ್ದಕ್ಕೆ ಹತ್ತು ಏಟು ಬಿತ್ತು. ಅಮ್ಮನ ಹತ್ತಿರ ಹೋದರೆ, "ಡ್ಯಾಡಿ ವಾಚೇ ನಮ್ಮ ಮನೆ ವಾಚು" ಎಂದರು. ಮೇಲ್ಮನವಿ ಅಲ್ಲಿಗೆ ಮುಗಿಯಿತು. ಕೊನೆಯ ಪ್ಯಾರಾದಲ್ಲಿ ಹೀಗಿತ್ತು: ಅಂದಿನಿಂದ ಇಂದಿನವರೆಗೆ ನಾನು ಯಾರ ಮೇಲೂ ಕೈ ಎತ್ತಿಲ್ಲ. ಎತ್ತುವಂತಾದಾಗೆಲ್ಲ ಬಾಯಿ ತೆರೆದಿದ್ದೇನೆ. ಕೈಯಿಂದ ತೀರ್ಮಾನವಾಗುವುದನ್ನು ಮಾತಿನಿಂದ ತೀರ್ಮಾನಿಸುವ ಜಾಗ ಈ ಲೋಕದಲ್ಲಿ ಒಂದಿದೆ ಎಂದು ನಂಬಿ ಕಾನೂನು ಓದಲು ಹೊರಟಿದ್ದೇನೆ.

ಇದನ್ನು ಓದಿದ ತಂದೆಗೆ ಏನಾಗಬೇಕು ಎಂದು ಈಗ ನನಗೆ ತಿಳಿಯುತ್ತದೆ. ಆ ಸಂಜೆ ನನಗೆ ಕಂಡದ್ದು ಮೂರು ತಪ್ಪು. ಅವಳು ಮರದ ಸ್ಕೇಲು ಎಂದು ಬರೆದಿದ್ದಳು. ಹೊಡೆದು ಹಾಕಿ 'ಸ್ಟೀಲ್' ಎಂದು ಬರೆದೆ. ವಾಚು ಮುಂದಿದ್ದದ್ದು ಐದಲ್ಲ, ನಾಲ್ಕು ನಿಮಿಷ. ಏಟು ಹತ್ತಲ್ಲ, ಹನ್ನೆರಡು. ಒಂದು ಸಲ ಅವಳು ಕೈ ಹಿಂದೆ ತೆಗೆದಿದ್ದಳು. ಒಂದು ಅಲ್ಪವಿರಾಮ ಸೇರಿಸಿ, ಮೂಲೆಯಲ್ಲಿ ಬಿ ಎಂದು ಬರೆದು, ದಿನಾಂಕ ಹಾಕಿ, ಸಣ್ಣ ಸಹಿ ಮಾಡಿ ಅವಳ ಬಾಗಿಲಿನಡಿ ತೂರಿಸಿದೆ.

ಮರುದಿನ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ, ಊರವರ ಜೊತೆ ಎರಡು ಮಾತಾಡಿ, ಹನ್ನೊಂದೂವರೆಗೆ ಮನೆಗೆ ಬಂದೆವು. ಹೆಂಡತಿ ಚಪಾತಿ ಲಟ್ಟಿಸಲು ನಿಂತಳು. ಮಗಳು ಲ್ಯಾಪ್‌ಟಾಪು ತೆರೆದು ಮೇಜಿನ ಮುಂದೆ ಕೂತು, ಕೆಂಪು ಗುರುತಿನ ಕಾಗದ ಎತ್ತಿ ಅಮ್ಮನಿಗೆ ತೋರಿಸಿದಳು.

"ಮಮ್ಮಿ, ಇದನ್ನ ನೋಡಿ. ಆರೋಪಿ ತಾನೇ ಚಾರ್ಜ್‌ಶೀಟ್ ಕರೆಕ್ಟ್ ಮಾಡಿ ಸೈನ್ ಹಾಕಿ ಕೊಟ್ಟಿದಾರೆ. ಹತ್ತು ಅಲ್ವಂತೆ, ಹನ್ನೆರಡಂತೆ!"

ಹೆಂಡತಿ ಓದಿದಳು. ಅವಳ ಬಾಯಿಂದ ಒಂದು ನಗು ಹೊರಗೆ ಬಿತ್ತು. ತಡೆಯಲು ನೋಡಿದಳು, ಆಗಲಿಲ್ಲ. ಮಗಳು ತಲೆ ಮೇಜಿಗಿಟ್ಟು ನಕ್ಕಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಸೇರಿ ನನ್ನೆದುರಿಗೆ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

"ಎಂತ ನಗಾಡುವುದು?" ಎಂದೆ. "ಬಾಯಿ ಮುಚ್ಚು."

"ಬಿ ಕೊಟ್ಟಿದೀರಲ್ಲ ಡ್ಯಾಡಿ, ಥ್ಯಾಂಕ್ಸ್. ಎ ಬರ್ಬೇಕಾದ್ರೆ ಇನ್ನೂ ಎರಡೇಟು ಸೇರಿಸ್ಬೇಕಿತ್ತಾ?"

ಕಾಗದ ಕಿತ್ತುಕೊಂಡು ಹರಿದೆ. ನಾಲ್ಕು ಚೂರು, ಎಂಟು ಚೂರು. ಅವಳು ಕೂತಲ್ಲೇ, "ಇದರಲ್ಲಿ ಇದೆ ಡ್ಯಾಡಿ" ಎಂದು ಲ್ಯಾಪ್‌ಟಾಪಿನ ಮೇಲೆ ಬೆರಳಿಂದ ತಟ್ಟಿದಳು. ಆ ತಟ್ಟಿದ ಬೆರಳು ನೋಡಿದ್ದು ನೆನಪಿದೆ. ಅವಳ ಕೆನ್ನೆಗೆ ಹೊಡೆದೆ. ತಲೆ ಗೋಡೆಗೆ ಬಡಿಯಿತು. ಮತ್ತೆ ಹೊಡೆದೆ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದೆ. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ತೋಳಿಗೆ ಜೋತುಬಿದ್ದಳು. "ರೀ, ಬೇಡ, ಅವಳ ಜೀವನ ಅದರಲ್ಲಿದೆ, ಬಿಡ್ರೀ!" ಮೊಣಕೈಯಿಂದ ಅವಳನ್ನು ನೂಕಿದೆ. ಅವಳ ಹಣೆ ಫ್ರಿಜ್ಜಿನ ಹಿಡಿಗೆ ತಾಗಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಬ್ಬಿನ ಮೇಲಿನಿಂದ ರಕ್ತ ಇಳಿದು ಕಣ್ಣು ತುಂಬಿತು.

ಲಟ್ಟಣಿಗೆ ಮಗಳ ಕೈಗೆ ಬಂದದ್ದು ನನಗೆ ಕಾಣಲಿಲ್ಲ. ಮೊದಲನೆಯ ಏಟು ಎಡ ಮುಂಗೈಗೆ ಬಿತ್ತು. ಲ್ಯಾಪ್‌ಟಾಪು ಸೋಫಾದ ಮೇಲೆ ಹಾರಿ ಬಿತ್ತು. ನಾನು ಅವಳ ಕಡೆಗೆ ತಿರುಗಿ ಕೈ ಎತ್ತಿದೆ. ಎರಡನೆಯದು ಭುಜದ ಮೂಳೆಗೆ. ನೆಲಕ್ಕೆ ಕುಸಿದೆ, ಬೆನ್ನು ಗೋಡೆಗೆ ಆನಿತು. ಅವಳು ನನ್ನನ್ನು ನೋಡುತ್ತ ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು. ಆಮೇಲೆ ಮೂರನೆಯದನ್ನು ಹೊಡೆದಳು. ಬಾಯಿಯ ಪಕ್ಕಕ್ಕೆ ಬಿತ್ತು. ಒಂದು ಹಲ್ಲು ಅಲ್ಲಾಡಿತು, ನಾಲಿಗೆಗೆ ಉಪ್ಪು ಹತ್ತಿತು.

"ಸಾಕು ಕಣೇ," ಎಂದಳು ಹೆಂಡತಿ, ಒಂದು ಕಣ್ಣು ಮುಚ್ಚಿಕೊಂಡು.

ಕ್ಲಿನಿಕ್ಕಿಗೆ ಮಗಳೇ ಕಾರು ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಬಾಯಿಗೆ ಟವೆಲು ಒತ್ತಿಕೊಂಡು ಏನು ಹೇಳಬೇಕೆಂದು ಜೋಡಿಸಿದೆ. ಪೊಲೀಸಿನವರೆಗೆ ಹೋದರೆ ವೀಸಾ, ಕೆಲಸ, ಅವಳ ಓದು, ಎಲ್ಲ ಹೋಗುತ್ತದೆ. "ಬಾತ್‌ರೂಮಿನಲ್ಲಿ ಜಾರಿದ್ದು, ಗೊತ್ತಾಯ್ತಲ್ಲ?" ಎಂದೆ. ಹೆಂಡತಿಯ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಮಲಯಾಳಿ ನರ್ಸಮ್ಮ ನನ್ನ ತುಟಿ ಒರೆಸುತ್ತ ಹಿಂದಿಯಲ್ಲಿ ಕೇಳಿದಳು: "ಒಂದೇ ಬಾತ್‌ರೂಮಿನಲ್ಲಿ ಇಬ್ಬರೂ ಜಾರಿದಿರಾ ಅಂಕಲ್?" ನಾನು ಉತ್ತರ ಕೊಡುವ ಮೊದಲೇ ಮಗಳು, "ಮಮ್ಮಿಯನ್ನ ಹಿಡಿಯಲು ಹೋಗಿ ಡ್ಯಾಡಿಯೂ ಜಾರಿದರು" ಎಂದಳು. ಅಷ್ಟು ಸಲೀಸಾಗಿ ಅವಳು ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳ ಕೆನ್ನೆಯ ಮೇಲೆ ನನ್ನ ಬೆರಳುಗಳು ಎದ್ದಿದ್ದವು. ನರ್ಸಮ್ಮ ಅದನ್ನೂ ನೋಡಿದಳು. ಜಾರಿ ಬಿದ್ದದ್ದು ಎಂದು ಬರೆದ ಕಾಗದ ಮುಂದಿಟ್ಟಳು. ಮಗಳು ಸಹಿ ಹಾಕಿದಳು.

ಶನಿವಾರ ಬೆಳಿಗ್ಗೆ ಅಭ್ಯಾಸದಂತೆ ಐದಕ್ಕೆ ಎದ್ದೆ. ಎಡಗೈ ಮಡಚಲು ಬರುತ್ತಿರಲಿಲ್ಲ. ಏಳೂವರೆಗೆ ಮಗಳು ಮೇಜಿಗೆ ಬಂದು ಲ್ಯಾಪ್‌ಟಾಪು ತೆರೆದಳು; ಅದರ ಒಂದು ಮೂಲೆ ಸೀಳಿತ್ತು, ಆದರೆ ಬೆಳಕು ಬಂತು. ಆ ಕಾಲೇಜಿನ ಊರಿನಲ್ಲಿ ನಡುರಾತ್ರಿಯ ಗಡುವು ನಮಗೆ ಬೆಳಗಿನ ಎಂಟು. ಅರ್ಜಿ ಪೂರ್ತಿ ತುಂಬಿತ್ತು. ಬಾಕಿ ಉಳಿದದ್ದು ಎರಡು ಚೌಕಗಳಲ್ಲಿ ಗುರುತು ಒತ್ತುವುದು: ಸಿಕ್ಕಿದರೆ ಬಂದೇ ಬರುತ್ತೇನೆ ಎಂಬುದಕ್ಕೆ ಒಂದು, ಮೇಲೆ ಬರೆದದ್ದೆಲ್ಲ ಸತ್ಯ ಎಂಬುದಕ್ಕೆ ಇನ್ನೊಂದು. ಮೊದಲನೆಯದನ್ನು ಒತ್ತಿದಳು. ಎರಡನೆಯದರ ಮುಂದೆ ಕೈ ಕಟ್ಟಿ ಕೂತಳು.

ಹೆಂಡತಿ ಹಣೆಗೆ ಪಟ್ಟಿ ಕಟ್ಟಿಕೊಂಡೇ ಮೂರು ಕಪ್ ಚಹಾ ತಂದಳು. ಎರಡು ತಿಂಗಳು ಬೇಡ ಬೇಡ ಎಂದವಳು ಈಗ, "ಕಳಿಸಿಬಿಡು ಮಗಳೇ. ಹೋಗ್ಬಿಡು ನೀನು. ಇಲ್ಲಿರ್ಬೇಡ" ಎಂದಳು.

"ಕೊನೆ ಪ್ಯಾರಾ ಸುಳ್ಳು ಮಮ್ಮಿ."

"ಯಾವ ಸುಳ್ಳು?"

"ಯಾರ ಮೇಲೂ ಕೈ ಎತ್ತಿಲ್ಲ ಅಂತ ಇದೆ."

ನಾನು ಬಾಯಿ ತೆರೆದೆ. ತುಟಿ ಊದಿದ್ದರಿಂದ ಮಾತು ತೊದಲಿತು. "ಅದು ತಡೆಯಲಿಕ್ಕೆ ಹೊಡೆದದ್ದಲ್ವಾ. ಕಾನೂನಿನಲ್ಲಿ ಅದಕ್ಕೆ ಜಾಗ ಉಂಟು."

"ಮೊದಲನೇದು ಮಮ್ಮಿಗೋಸ್ಕರ. ಎರಡನೇದು, ನೀವು ಕೈ ಎತ್ತಿದ್ರಿ, ಅದಕ್ಕೆ. ಮೂರನೇದು ಹೊಡೆದಾಗ ನೀವು ಕೆಳಗೆ ಕೂತಿದ್ರಿ ಡ್ಯಾಡಿ. ನಿಮ್ಮ ಕೈಯಲ್ಲಿ ಏನೂ ಇರ್ಲಿಲ್ಲ. ಅದಕ್ಕೆ ಯಾವ ಕಾನೂನಲ್ಲಿ ಜಾಗ ಇದೆ?"

"ಹಾಗಾದರೆ ಆ ಪ್ಯಾರಾ ತೆಗೆದು ಕಳಿಸು."

"ಅದನ್ನ ತೆಗೆದ್ರೆ ಅಲ್ಲಿ ಉಳಿಯೋದು ನೀವು ಮಾತ್ರ. ಸೀಟು ನಿಮಗೆ ಕೊಡ್ತಾರೆ."

"ನಾನು ಯಾರಿಗೂ ಹೇಳುವುದಿಲ್ಲ ಮಾರಾಯ್ತಿ. ಮಮ್ಮಿಯೂ ಹೇಳುವುದಿಲ್ಲ. ಒತ್ತು. ಹತ್ತು ನಿಮಿಷ ಉಂಟು."

ಅವಳು ನನ್ನ ಕಡೆ ತಿರುಗಿದಳು. "ಹೀಗೇ ಅಲ್ವಾ ಈ ಮನೆ ನಡೆದಿರೋದು? ಯಾರಿಗೂ ಹೇಳೋದಿಲ್ಲ, ಯಾರಿಗೂ ಹೇಳೋದಿಲ್ಲ. ನಿನ್ನೆ ನಾನೂ ಸೈನ್ ಹಾಕಿ ಬಂದೆ."

ಹೆಂಡತಿ ನಿಂತೇ ಇದ್ದಳು.

"ಒಂದು ಕೇಳ್ಲಾ ಡ್ಯಾಡಿ? ನಿಜ ಹೇಳ್ಬೇಕು."

"ಕೇಳು."

"ಮೂರನೇದು ಹೊಡೆದಾಗ ನನಗೆ ಒಳ್ಳೇದನ್ನಿಸ್ತು. ರಾತ್ರಿಯೆಲ್ಲ ಯೋಚಿಸಿದೆ, ಇಲ್ಲ ಅಂತ ಹೇಳ್ಕೊಳ್ಳೋಕೆ ನೋಡಿದೆ. ಆಗ್ಲಿಲ್ಲ. ಮೈಯೆಲ್ಲ ಹಗುರ ಆಯ್ತು." ಅವಳು ತನ್ನ ಬಲಗೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. "ನನಗೆ ಹೊಡೀವಾಗ ನಿಮಗೂ ಹಾಗೇ ಆಗ್ತಿತ್ತಾ?"

ನನ್ನ ಬಳಿ ಉತ್ತರಗಳಿದ್ದವು. ನಿನ್ನ ಒಳ್ಳೆಯದಕ್ಕೆ. ಶಿಸ್ತಿಗೆ. ನನಗೂ ಹೀಗೆಯೇ ಹೊಡೆದಿದ್ದರು. ಎಲ್ಲವೂ ನಿಜವೇ. ಆದರೆ ಕೇಳಿದ ಪ್ರಶ್ನೆಗೆ ಅವು ಉತ್ತರವಲ್ಲ. ಕಾರಣ ಹೇಳಿ, ಎಣಿಕೆ ಹೇಳಿ, ಸ್ಕೇಲು ಎತ್ತಿದಾಗ ಎದೆಯಲ್ಲಿ ಏನೋ ಬಿಚ್ಚಿಕೊಳ್ಳುತ್ತಿತ್ತು. ಆಫೀಸಿನಲ್ಲಿ ದಿನವಿಡೀ ತಲೆ ತಗ್ಗಿಸಿ ಬಂದ ಮೇಲಂತೂ ಬೇಗ ಬಿಚ್ಚಿಕೊಳ್ಳುತ್ತಿತ್ತು. ತಪ್ಪು ಸಿಗದ ಸಂಜೆಗಳಲ್ಲಿ ನಾನು ತಪ್ಪು ಹುಡುಕಿದ್ದೇನೆ. ಇದನ್ನು ಪಾಪನಿವೇದನೆಯಲ್ಲಿ ಪಾದ್ರಿಯ ಮುಂದೂ ನಾನು ಎಂದೂ ಹೇಳಿಲ್ಲ, ಏಕೆಂದರೆ ನನಗೇ ಹೇಳಿಕೊಂಡಿರಲಿಲ್ಲ.

"ಆಗ್ತಿತ್ತು," ಎಂದೆ.

"ಎಷ್ಟನೇ ಏಟಿಗೆ?"

"ಮೊದಲನೆಯದಕ್ಕೇ."

ಅವಳು ತಲೆ ಆಡಿಸಿದಳು, ಸಾಕ್ಷಿಯ ಮಾತು ಬರೆದುಕೊಂಡವರಂತೆ. ಅಳಲಿಲ್ಲ. ಪರದೆಯ ಕಡೆ ತಿರುಗಿ ಮಿಕ್ಕ ನಿಮಿಷಗಳನ್ನು ನೋಡುತ್ತ ಕೂತಳು. ನಾನೂ ನೋಡಿದೆ. ಎಂಟಾದಾಗ ಆ ಗುರುತಿನ ಚೌಕ ಬೂದು ಬಣ್ಣಕ್ಕೆ ತಿರುಗಿತು. ಅವಳು ಒಮ್ಮೆ ಒತ್ತಿ ನೋಡಿದಳು, ಅದು ಒತ್ತಲಿಲ್ಲ.

"ಖಲಾಸ್," ಎಂದಳು. "ಜನವರಿಗೆ ಹಾಕ್ತೀನಿ. ಐದಾರು ಕಡೆ. ಬೇರೆ ಬರೀಬೇಕು."

"ಹಾಗಾದ್ರೆ ನೀನು ಹೋಗ್ತೀಯೋ ಇಲ್ವೋ?" ಹೆಂಡತಿಯ ದನಿ ಒಡೆಯಿತು.

"ಹೋಗ್ತೀನಿ ಮಮ್ಮಿ. ಇನ್ನು ಡ್ಯಾಡಿ ಕೂಗಿದ್ರೂ ಹೋಗ್ತೀನಿ. ಯಾರೂ ನನ್ನ ಕಟ್ಟಿ ಎಳೀಬೇಕಾಗಿಲ್ಲ. ಆ ಮೂರನೇ ಏಟಿಗೆ ಡ್ಯಾಡಿ ಅಂದ್ರೆ ಹೆದರಿಕೆ ಹೋಯ್ತು." ಸ್ವಲ್ಪ ತಡೆದು, "ಅದಕ್ಕೇ ನನಗೆ ಭಯ ಆಗ್ತಿರೋದು," ಎಂದು ಎದ್ದು ತನ್ನ ಕೋಣೆಗೆ ಹೋದಳು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ನಲ್ಲಿ ಬಿಟ್ಟುಕೊಂಡು ನಿಂತಾಗ, ಒಳಗೆ ನಡೆಯುತ್ತಿರುವುದು ಶಿಸ್ತು ಎಂದು ಅವಳು ನಂಬಿದ್ದಳು, ನಂಬಿಸಿದವನು ನಾನು. ನನ್ನ ಮುಂದಿದ್ದ ಚಹಾವನ್ನು ನಾನಿನ್ನೂ ಮುಟ್ಟಿರಲಿಲ್ಲ. ಅವಳು ಆ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.